ಐದನೆಯ ಬೀಗದ ಕೈ

“ಹಾಗಾದ್ರೆ ನಿಮ್ಮ ಕೀ ತೋರಿಸಿ ಜಯತೀರ್ಥರೇ,” ಎಂದೆ.

ಜಯತೀರ್ಥರು ಮೊದಲು ಕೋಟಿನ ಜೇಬು ತಡವಿದರು. ಆಮೇಲೆ ಪ್ಯಾಂಟಿನ ಜೇಬು. ಮೇಜಿನ ಡ್ರಾಯರು ಎಳೆದು ಸ್ಟೇಪ್ಲರು, ತಲೆನೋವಿನ ಮಾತ್ರೆ, ಅರ್ಧ ಖಾಲಿಯಾದ ಪೇಢೆಯ ಡಬ್ಬಿ ಎಲ್ಲವನ್ನೂ ಹೊರಗಿಟ್ಟರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನಾನು ಇನ್ಶೂರೆನ್ಸ್ ಕಂಪನಿಯ ತನಿಖಾ ವಿಭಾಗದಲ್ಲಿದ್ದಾಗ ಬೇಕಾದಷ್ಟು ನೋಡಿದ್ದೇನೆ. ಈ ಮನುಷ್ಯ ಅವರಿಗಿಂತ ಸ್ವಲ್ಪ ನಿಧಾನ, ಅಷ್ಟೆ.

“ಇಲ್ಲೇ ಎಲ್ಲ್ಯರ ಇರಬೇಕ್ರಿ.”

“ಇಲ್ಲ ಬಿಡಿ. ಪೇಢೆ ಡಬ್ಬಿ ಮುಚ್ಚಳ ತೆಗೆದು ನೋಡ್ತಿದ್ದೀರಿ. ಅದರಲ್ಲಿ ಯಾರೂ ಕೀ ಇಡಲ್ಲ.”

ಜಯತೀರ್ಥರು ನಕ್ಕು ಕುರ್ಚಿಯಲ್ಲಿ ಕುಳಿತರು. ಧಾರವಾಡದವರು, ಸಿಕ್ಕಿಬಿದ್ದಾಗ ನಗುವುದು ಅವರಿಗೆ ಚೆನ್ನಾಗಿ ಬರುತ್ತದೆ. ಪೆನ್‌ರೋ ಡಿಸ್ಟ್ರಿಕ್ಟಿನ ಟೆಸ್ಟಿಂಗ್ ಡೈರೆಕ್ಟರು. ನ್ಯೂ ಜರ್ಸಿಯಲ್ಲಿ ಊರಿಗೊಂದು ಸ್ಕೂಲ್ ಡಿಸ್ಟ್ರಿಕ್ಟು, ಡಿಸ್ಟ್ರಿಕ್ಟಿಗೊಬ್ಬರು ರಾಜ್ಯದ ಪರೀಕ್ಷೆ ನಡೆಸುವ ಅಧಿಕಾರಿ. ಪಕ್ಕದ ಹಾರ್ಟ್‌ವೆಲ್ ಡಿಸ್ಟ್ರಿಕ್ಟಿನಲ್ಲಿ ಅದೇ ಕೆಲಸ ಮಾಡುತ್ತಿದ್ದವಳು ಈಗ ಸ್ವಂತವಾಗಿ ತನಿಖೆ ಮಾಡುವ ನನ್ನ ಕಕ್ಷಿದಾರಳಾದ ಸೌಜನ್ಯ. ಅವಳ ಕಪಾಟಿನಲ್ಲಿ ಭದ್ರವಾಗಿದ್ದ ಎಂಟನೇ ತರಗತಿಯ ಪ್ರಶ್ನೆಪತ್ರಿಕೆಯ ಒಂದು ಗದ್ಯಭಾಗ, ಪರೀಕ್ಷೆಗೆ ಮುಂಚೆಯೇ ಐಸೆಲಿನ್‌ನ ಶಿವಪ್ರಕಾಶರ ವಾರಾಂತ್ಯದ ಕೋಚಿಂಗ್ ಕ್ಲಾಸಿನಲ್ಲಿ ಅಭ್ಯಾಸದ ಹಾಳೆಯಾಗಿ ಹಂಚಿಹೋಗಿತ್ತು. ನಾಳೆ ಸಂಜೆ ಹಾರ್ಟ್‌ವೆಲ್ ಸ್ಕೂಲ್ ಬೋರ್ಡು ಸೇರಿ ಅವಳನ್ನು ಕೆಲಸದಿಂದ ತೆಗೆಯುವುದಿತ್ತು.

ಪತ್ರಿಕೆ ಅವಳ ಕಪಾಟಿನದೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ನನಗೂ. ಈಗೆಲ್ಲ ಮಕ್ಕಳು ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆಯುತ್ತಾರೆ. ಓದಲು ಕಷ್ಟವಿರುವ ಮಗುವಿಗೆ ಮಾತ್ರ ಒಬ್ಬರು ಕೂತು ಗಟ್ಟಿಯಾಗಿ ಓದಿ ಹೇಳಬೇಕು; ಹಾಗೆ ಓದುವವರಿಗೆ ಬೇರೆ ಪ್ರತಿ ಬರುತ್ತದೆ. ಬೇರೆ ಪ್ರತಿಗಳಲ್ಲಿ ಚಿತ್ರವಿರುವ ಕಡೆ ಇದರಲ್ಲಿ ಚಿತ್ರದ ವರ್ಣನೆ ಇರುತ್ತದೆ. ಶಿವಪ್ರಕಾಶರ ಹಾಳೆಯಲ್ಲಿ ‘ಹಳೆಯ ದೋಣಿಯ ಮೂಗಿನ ಮೇಲೆ ಬಿಳಿಯ ನಾಯಿ ಕುಳಿತಿದೆ’ ಎಂಬ ವರ್ಣನೆಯೂ ಇತ್ತು. ಈ ವರ್ಷ ಸುತ್ತಲಿನ ಐದು ಡಿಸ್ಟ್ರಿಕ್ಟುಗಳಲ್ಲಿ ಅಂಥ ಪ್ರತಿ ಬಂದದ್ದು ಸೌಜನ್ಯಳ ಕಪಾಟಿಗೆ ಮಾತ್ರ. ಯಾರು ಕಳಿಸಿದರು ಎಂದರೆ ಶಿವಪ್ರಕಾಶರು ‘ಹೆಸರಿಲ್ಲದ ಇಮೇಲು’ ಎಂದು ಕೈ ತೊಳೆದುಕೊಂಡಿದ್ದರು.

ಆ ಕಪಾಟಿಗೆ ಎರಡು ಬೀಗ. ಇದು ರಾಜ್ಯದ ನಿಯಮವಲ್ಲ, ಈ ಐವರು ಡೈರೆಕ್ಟರುಗಳು ತಾವೇ ಕೂತು ಮಾಡಿಕೊಂಡ ಪದ್ಧತಿ. ಒಂದು ಬೀಗದ ಕೈ ತನ್ನ ಹತ್ತಿರ, ಇನ್ನೊಂದರದು ಪಕ್ಕದ ಡಿಸ್ಟ್ರಿಕ್ಟಿನವರ ಹತ್ತಿರ. ನಮ್ಮ ಬ್ಯಾಂಕಿನ ಲಾಕರ್ ಇದ್ದ ಹಾಗೆ; ಒಬ್ಬರೇ ಹೋಗಿ ತೆಗೆಯಲು ಬರುವುದಿಲ್ಲ. ಸೌಜನ್ಯಳ ಎರಡನೇ ಬೀಗದ ಕೈ ಆಲ್ಡರ್ಟನ್‌ನ ಮಾರ್ಗರೆಟ್ ಬಳಿ ಇತ್ತು. ಮಾರ್ಗರೆಟ್ ಈ ಗುಂಪಿನ ಹಿರಿಯಳು, ಜೂನ್‌ಗೆ ರಿಟೈರ್ ಆಗುವವಳು, ಈ ಪದ್ಧತಿಯನ್ನೆಲ್ಲ ಹುಟ್ಟುಹಾಕಿದವಳು. ಅವಳ ಬ್ಯಾಗು ಕಂಡಲ್ಲಿ ಬಿದ್ದಿರುತ್ತದೆ, ಸೌಜನ್ಯ ಅದರಿಂದ ಕೀ ಎತ್ತಿರಬೇಕು ಎಂಬುದು ಬೋರ್ಡಿನ ವಾದ.

“ಈಗ ಹೇಳಿ,” ಎಂದೆ. “ನಿಮ್ಮ ಸ್ವಂತ ಕೀ ಎಲ್ಲಿ?”

“ಮಾರ್ಗರೆಟ್ ಹತ್ರ ಅದ ರೀ.”

“ನಿಮ್ಮ ಎರಡನೇ ಕೀ ಅವರ ಹತ್ರ ಇರಬಾರದು. ಅದು ಬೇರೆಯವರ ಹತ್ರ ಅಲ್ವಾ ಇರೋದು?”

“ಎರಡನೇದಲ್ರಿ. ನಂದು, ಸ್ವಂತದ್ದು. ಪಿತ್ತಕೋಶದ ಆಪರೇಷನ್ ಆತಲ್ಲ, ಆವಾಗ ಕೊಟ್ಟೆ. ನಾ ಮಲಗಿದಾಗ ಏನರ ತುರ್ತು ಬಂದ್ರ ಅಂತ.” ಅವರು ಪೇಢೆಯ ಡಬ್ಬಿಯನ್ನು ನನ್ನ ಕಡೆ ಸರಿಸಿದರು. “ಆಮ್ಯಾಲೆ ವಾಪಸ್ ಕೇಳ್ಲಿಲ್ಲ. ಕೇಳಿದ್ರ ಅವರ ಮ್ಯಾಲೆ ನಂಬಿಕಿ ಇಲ್ಲ ಅಂದಂಗ ಆಗ್ತದಲ್ರಿ.”

“ಇನ್ಯಾರು ಕೊಟ್ಟಿದ್ದಾರೆ?”

“ನಾ ಒಬ್ಬನ ಕೊಟ್ಟೇನಿ ಅಂತ ತಿಳ್ಕೊಂಡಿದ್ದೆ. ಈಗ ನಿಮ್ಮ ಮಾರಿ ನೋಡಿದ್ರ ಹಂಗಿಲ್ಲ ಅನಸ್ತದ.”

ಹಾಗಿರಲಿಲ್ಲ. ಬೆಳಿಗ್ಗೆ ಉಳಿದಿಬ್ಬರು ಡೈರೆಕ್ಟರುಗಳಿಗೆ ಫೋನು ಮಾಡಿ ಇದೇ ಪ್ರಶ್ನೆ ಕೇಳಿದ್ದೆ. ಒಬ್ಬರು ಹೆರಿಗೆ ರಜೆಗೆ ಹೋದಾಗ ಕೊಟ್ಟಿದ್ದರು, ಇನ್ನೊಬ್ಬರು ಹಿಮ ಬಿದ್ದ ವಾರ. ಇಬ್ಬರೂ ಇದನ್ನು ಬೇರೆ ಯಾರಿಗೂ ಹೇಳಬೇಡಿ ಎಂದು ಕೇಳಿಕೊಂಡರು. ಒಬ್ಬರನ್ನೊಬ್ಬರು ಕಾಯಲೆಂದು ಎರಡೆರಡು ಬೀಗ ಜಡಿದು, ಎಲ್ಲರೂ ಗುಟ್ಟಾಗಿ ಒಬ್ಬಳ ಬ್ಯಾಗಿಗೆ ಕೀ ಹಾಕಿ ಬಂದಿದ್ದರು. ಓದಿದವರ ಬುದ್ಧಿ ಹೀಗೇ ಎಂದು ನನ್ನ ಅತ್ತೆ ಹೇಳುತ್ತಿದ್ದರು.

ನನಗೆ ಸಿಟ್ಟು ಬರಬೇಕಿತ್ತು, ಖುಷಿಯಾಯಿತು. ಸೌಜನ್ಯಳೂ ಹೀಗೆಯೇ ಕೊಟ್ಟಿದ್ದರೆ, ಅವಳ ಎರಡೂ ಬೀಗದ ಕೈ ಮಾರ್ಗರೆಟ್ ಬ್ಯಾಗಿನಲ್ಲಿ ಇದ್ದ ಹಾಗಾಯಿತು. ಆಗ ಆ ಬ್ಯಾಗಿನ ಹತ್ತಿರ ಸುಳಿದವರೆಲ್ಲ ಕಪಾಟು ತೆಗೆಯಬಲ್ಲರು, ಸೌಜನ್ಯ ಒಬ್ಬಳೇ ಅಲ್ಲ. ‘ನನ್ನ ಕೀ ಯಾರಿಗೂ ಕೊಟ್ಟಿಲ್ಲ ಆಂಟಿ’ ಎಂದು ಅವಳು ಮೊದಲ ದಿನದಿಂದ ಹೇಳುತ್ತಿದ್ದುದು, ಮಾರ್ಗರೆಟ್‌ಳನ್ನು ಉಳಿಸಲು ಹೇಳಿದ ಸುಳ್ಳಿರಬೇಕು ಎಂದುಕೊಂಡೆ.

ಬಾಗಿಲು ತಟ್ಟಿ ಇಂಚರಾ ಟೀ ತಂದಳು. ಸೌಜನ್ಯಳ ತಂಗಿ, ಪೆನ್‌ರೋ ಶಾಲೆಯಲ್ಲಿ ರೀಡಿಂಗ್ ಟೀಚರ್, ಪರೀಕ್ಷೆಯ ಸಮಯದಲ್ಲಿ ಜಯತೀರ್ಥರ ಆಫೀಸಿಗೆ ಸಹಾಯ. ಅಮ್ಮ ಹೋದ ಮೇಲೆ ಸರಸ್ವತಿಪುರದ ಮನೆಯಲ್ಲಿ ಸೌಜನ್ಯಳೇ ಜಡೆ ಹಾಕಿ ಬೆಳೆಸಿದ ಹುಡುಗಿ. ಇಲ್ಲಿಗೆ ಕರೆಸಿ ಎಂ.ಎಡ್. ಓದಿಸಿದವಳೂ ಅವಳೇ. ಇಂಚರಾಳ ವೀಸಾ ಈ ಟೀಚರ್ ಕೆಲಸದ ಮೇಲೆ ನಿಂತಿತ್ತು.

“ಆಂಟಿ, ಅಕ್ಕ ಸರಿಯಾಗಿ ಊಟಾನೇ ಮಾಡ್ತಿಲ್ಲ,” ಎಂದಳು. “ನೀವು ಹೇಳಿದ್ರೆ ಕೇಳ್ತಾಳೆ.”

“ನಾಳೆ ಕಳೀಲಿ, ಮಾಡ್ತಾಳೆ.”

“ಅಕ್ಕನ ಮೇಲೆ ಏನೂ ಬರಲ್ಲ ಅಲ್ವಾ? ಒಂದು ಕೀ ಮಾರ್ಗರೆಟ್ ಹತ್ರ ಇತ್ತಲ್ಲ. ಒಬ್ಬಳೇ ತೆಗೆಯೋಕೆ ಆಗಲ್ಲ ಅಂತ ಬೋರ್ಡಿಗೂ ಗೊತ್ತಿರುತ್ತೆ.”

“ಗೊತ್ತಿರೋದು ಬೇರೆ, ಒಪ್ಪೋದು ಬೇರೆ. ನಿಮ್ಮಕ್ಕ ಎಲ್ಲಿ, ಹೊರಟಳಾ?”

“ಐಸೆಲಿನ್‌ಗೆ ಬಿಟ್ಟು ಬಂದೆ. ನಮಗೆ ಕಾರು ಒಂದೇ ಅಲ್ವಾ, ದಿನಾ ಸಂಜೆ ಅಕ್ಕನ ಆಫೀಸಿಗೆ ಹೋಗಿ ನಾನೇ ಕರ್ಕೊಂಡು ಬರ್ತೀನಿ. ಇವತ್ತು ತಿಂಡಿ ಆದ ಮೇಲೆ ಹೋಗ್ಬೇಕು.”

ಅವಳ ಕಣ್ಣು ಕೆಂಪಾಗಿತ್ತು. ಏಪ್ರಿಲ್ ತಿಂಗಳು, ಕಾರುಗಳ ಮೇಲೆಲ್ಲ ಹಳದಿ ಪರಾಗದ ಪುಡಿ ಕೂತಿತ್ತು, ಅರ್ಧ ನ್ಯೂ ಜರ್ಸಿಯ ಕಣ್ಣು ಕೆಂಪಾಗಿತ್ತು. ಅಲರ್ಜಿಗೆ ಮಾತ್ರೆ ತಗೋ ಎಂದೆ. ತಲೆಯಾಡಿಸಿ ಹೋದಳು.

ಟೀ ಕುಡಿಯುತ್ತ ಕಪಾಟಿನ ತುದಿಯಲ್ಲಿದ್ದ ಬೆತ್ತದ ಬುಟ್ಟಿಯನ್ನು ನೋಡಿದೆ. ಈಸ್ಟರ್ ಹಬ್ಬಕ್ಕೆ ಮಕ್ಕಳಿಗೆ ಮೊಟ್ಟೆ ತುಂಬಿ ಕೊಡುವಂಥದು, ಹಿಡಿಕೆಗೆ ಬಣ್ಣ ಹೋದ ನೇರಳೆ ರಿಬ್ಬನ್ನು.

“ಇದೇನು, ಹೂ ಕೀಳೋಕೆ ಹೋಗ್ತೀರಾ?”

“ಮಾರ್ಗರೆಟ್‌ದು ರೀ. ಪತ್ರಿಕೆ ಎಣಿಸೋ ದಿನ ಬೇಕಾಗ್ತದ. ಒಳಗ ಎಣಿಸ್ಲಿಕ್ಕೆ ಹೋಗೋರು ಫೋನು ಗೀನು ಎಲ್ಲಾ ಇದರಾಗ ಹಾಕಿ ಹೋಗಬೇಕು. ಫೋಟೊ ಗೀಟೊ ಯಾರೂ ತಗೀಬಾರ್ದಲ್ಲ. ಮೂರನೇ ಡಿಸ್ಟ್ರಿಕ್ಟಿನೋರು ಒಬ್ಬರು ಬುಟ್ಟಿ ಹಿಡ್ಕೊಂಡು ಹೊರಗ ಕೂಡ್ತಾರ. ಪಾಳಿ ಯಾರದು ಮುಗೀತದೋ ಬುಟ್ಟಿ ಅವರ ಕಡೆ ಉಳೀತದ.”

ಒಳ್ಳೆಯ ಪದ್ಧತಿ ಎಂದು ಹೊಗಳಿ, ಒಂದು ಪೇಢೆ ಬಾಯಿಗೆ ಹಾಕಿಕೊಂಡು ಎದ್ದೆ.

* * *

ಐಸೆಲಿನ್‌ನ ಓಕ್ ಟ್ರೀ ರೋಡಿನಲ್ಲಿ ವಾರದ ದಿನ ಬೆಳಿಗ್ಗೆ ಹೋದರೆ ಪಾರ್ಕಿಂಗ್ ಸಿಗುತ್ತದೆ, ಸೀರೆ ಅಂಗಡಿಗಳು ಇನ್ನೂ ಬಾಗಿಲು ತೆಗೆದಿರುವುದಿಲ್ಲ. ನಾನು, ಜಯತೀರ್ಥರು ಬೇರೆ ಬೇರೆ ಕಾರಿನಲ್ಲಿ ಬಂದು ಒಂದೇ ಕಡೆ ನಿಲ್ಲಿಸಿದೆವು.

ಐವರು ಡೈರೆಕ್ಟರುಗಳು ತಿಂಗಳಿಗೊಮ್ಮೆ ಬೆಳಗಿನ ತಿಂಡಿಗೆ ಸೇರುತ್ತಾರೆ. ಮೊದಲು ಹೆದ್ದಾರಿಯ ಪಕ್ಕದ ಡೈನರಿನಲ್ಲಿ ಪ್ಯಾನ್‌ಕೇಕ್ ತಿನ್ನುತ್ತಿದ್ದರಂತೆ. ಸೌಜನ್ಯ ಬಂದ ಮೇಲೆ ಇಡ್ಲಿಯ ಹೋಟೆಲು. ಯಾರ ಶಾಲೆಯಲ್ಲಿ ಮೇಲ್ವಿಚಾರಕರು ಕಮ್ಮಿ, ಯಾರ ಲ್ಯಾಪ್‌ಟಾಪು ಕೆಟ್ಟಿವೆ, ಯಾರ ಮಕ್ಕಳಿಗೆ ಓದಿ ಹೇಳುವವರು ಬೇಕು ಎಂದು ಇಲ್ಲಿಯೇ ಮಾತಾಗಿ, ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿಕೊಡುತ್ತಿದ್ದರು. ಬೇರೆ ಡಿಸ್ಟ್ರಿಕ್ಟಿನವರಿಗೆ ಇವರನ್ನು ಕಂಡರೆ ಹೊಟ್ಟೆಕಿಚ್ಚು ಎಂದು ಸೌಜನ್ಯ ಒಮ್ಮೆ ಹೆಮ್ಮೆಯಿಂದ ಹೇಳಿದ್ದಳು.

ಇವತ್ತು ಐದು ಜನರಿಗೆಂದು ಹಿಡಿದ ಮೇಜಿನಲ್ಲಿ ಇಬ್ಬರು ಕುಳಿತಿದ್ದರು. ಉಳಿದಿಬ್ಬರಿಗೆ ಅವರವರ ವಕೀಲರು ಹೋಗಬೇಡಿ ಎಂದಿದ್ದರಂತೆ. ಮಾರ್ಗರೆಟ್ ಎರಡು ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಿ ಚಮಚದಿಂದ ನಿಧಾನವಾಗಿ ತಿನ್ನುತ್ತಿದ್ದಳು. ಸೌಜನ್ಯಳ ಮುಂದೆ ಬರೀ ನೀರು. ಕತ್ತಿನಲ್ಲಿ ಯಾವಾಗಲೂ ಇರುವ ಸಣ್ಣ ಖಾದಿ ಚೀಲ, ಅದರ ದಾರವನ್ನು ಬೆರಳಿಗೆ ಸುತ್ತಿ ಬಿಡಿಸುತ್ತಿದ್ದಳು.

“ನಾ ಕಾಫಿ ತರ್ತೇನಿ,” ಎಂದು ಜಯತೀರ್ಥರು ಕೌಂಟರಿನ ಕಡೆ ಹೋದರು. ಮುಂದಿನ ಮಾತಿಗೆ ತಾವು ಇರದಿದ್ದರೆ ಒಳ್ಳೆಯದು ಎಂದು ಅವರಿಗೆ ಅನಿಸಿರಬೇಕು.

ನಾನು ಕುಳಿತೆ. ಮಾರ್ಗರೆಟ್ ಜೊತೆ ಮಾತಾಡಿದ್ದು ಇಂಗ್ಲಿಷಿನಲ್ಲಿ. ನನಗೆ ನೆನಪಿರುವುದು ಕನ್ನಡದಲ್ಲಿ, ಹಾಗೇ ಬರೆಯುತ್ತೇನೆ.

“ಮಾರ್ಗರೆಟ್, ನಿಮ್ಮ ಬ್ಯಾಗಿನಲ್ಲಿ ಎಷ್ಟು ಜನರ ಕೀ ಇದೆ?”

ಅವಳು ಚಮಚ ಇಟ್ಟಳು. ಆ ಪ್ರಶ್ನೆ ಬರಲಿ ಎಂದು ಕಾಯುತ್ತಿದ್ದವಳಂತೆ ಕೈಚೀಲದಿಂದ ಒಂದು ಉಂಗುರ ತೆಗೆದು ಮೇಜಿನ ಮೇಲಿಟ್ಟಳು. ನಾಲ್ಕು ಹಿತ್ತಾಳೆಯ ಕೀ, ಒಂದೊಂದಕ್ಕೂ ಒಂದೊಂದು ಬಣ್ಣದ ನೂಲು.

“ಕೆಂಪು ನನ್ನದು. ನೀಲಿ ಜಯತೀರ್ಥನದು. ಇವೆರಡು ಇವತ್ತು ಬರದವರದು.”

“ಯಾರೂ ಒಬ್ಬರದು ಒಬ್ಬರಿಗೆ ಹೇಳಿಲ್ಲ.”

“ನಾನೂ ಹೇಳಲಿಲ್ಲ. ಕಷ್ಟದಲ್ಲಿರುವವರು ಬಂದು ಕೀ ಕೈಗೆ ಹಾಕಿದಾಗ, ನಿಯಮ ಓದಿ ಹೇಳುವುದಕ್ಕೆ ನನಗೆ ಬರಲಿಲ್ಲ, ರಮಾ.”

“ಐದನೆಯದು?”

ಮಾರ್ಗರೆಟ್ ಸೌಜನ್ಯಳ ಕಡೆ ನೋಡಿದಳು. “ಅವಳು ಕೊಡಲಿಲ್ಲ. ಅವಳ ಮಾವ ತೀರಿಕೊಂಡರೆಂದು ಊರಿಗೆ ಹೋಗುವಾಗ ನಾನೇ ಕೇಳಿದೆ. ನಿಯಮ ಅಂದರೆ ನಿಯಮ ಮಾರ್ಗರೆಟ್ ಅಂದಳು. ಕೀ ಕತ್ತಿನಲ್ಲಿ ಹಾಕಿಕೊಂಡೇ ವಿಮಾನ ಹತ್ತಿದಳು.”

“ನಿಜಾನಾ?” ಎಂದು ಸೌಜನ್ಯಳನ್ನು ಕೇಳಿದೆ.

“ಮೊದಲಿಂದ ಅದನ್ನೇ ಹೇಳ್ತಿದ್ದೀನಲ್ಲ ಆಂಟಿ.”

ಹೌದು, ಹೇಳುತ್ತಿದ್ದಳು. ಬೆಳಗಿನಿಂದ ನಾನು ಕಟ್ಟಿಕೊಂಡು ಬಂದಿದ್ದ ಆಸೆ ಅಲ್ಲಿಗೆ ಮುಗಿಯಿತು. ನಿಯಮ ಮುರಿದು ಕೀ ಕೊಟ್ಟ ಮೂವರೂ ‘ಕೀ ನನ್ನ ಹತ್ತಿರ ಇರಲಿಲ್ಲ’ ಎಂದು ಹೇಳಿ ಪಾರಾಗಬಹುದಿತ್ತು. ಪಾಲಿಸಿದವಳು ಇವಳೊಬ್ಬಳೇ, ಆದ್ದರಿಂದ ತನ್ನ ಕಪಾಟಿನ ಮೊದಲ ಬೀಗ ತೆಗೆಯಬಲ್ಲವಳೂ ಇವಳೊಬ್ಬಳೇ. ಗ್ಲಾಸಿನ ನೀರು ಕುಡಿದೆ, ಅದು ಸೌಜನ್ಯಳದು ಎಂದು ಆಮೇಲೆ ಗೊತ್ತಾಯಿತು.

ಮಾರ್ಗರೆಟ್ ಕರವಸ್ತ್ರದಿಂದ ಬಾಯಿ ಒರೆಸಿಕೊಂಡಳು.

“ನಾನು ಒಂದು ಮಾತು ಹೇಳುತ್ತೇನೆ, ಇಬ್ಬರೂ ಕೇಳಿ. ನಾಳೆ ಬೋರ್ಡಿನ ಮುಂದೆ ನಾನು ಹೋಗುತ್ತೇನೆ. ಸೌಜನ್ಯಳ ಕೀ ಕೂಡ ನನ್ನ ಹತ್ತಿರ ಇತ್ತು ಅನ್ನುತ್ತೇನೆ. ನನ್ನ ಬ್ಯಾಗು ಕಂಡಕಂಡಲ್ಲಿ ಬಿದ್ದಿರುತ್ತೆ, ಅದು ಎಲ್ಲರಿಗೂ ಗೊತ್ತು. ತಪ್ಪು ನನ್ನದು ಅಂತಾಗುತ್ತೆ. ಎಲ್ಲರೂ ಕೊಟ್ಟಿದ್ದರು ಅಂದರೆ ಇವಳೊಬ್ಬಳನ್ನು ತೆಗೆಯುವುದಕ್ಕೆ ಅವರಿಗೆ ಆಗುವುದಿಲ್ಲ. ನಾನು ಜೂನ್‌ಗೆ ಮನೆಗೆ ಹೋಗುವವಳು. ನನ್ನನ್ನು ಏನು ಮಾಡುತ್ತಾರೆ?”

“ಬೇಡ,” ಎಂದಳು ಸೌಜನ್ಯ.

“ಯೋಚನೆ ಮಾಡಿ ಹೇಳು.”

“ಯೋಚನೆ ಮಾಡೋದೇನಿಲ್ಲ ಮಾರ್ಗರೆಟ್. ಮಕ್ಕಳು ಪಕ್ಕದವರ ಉತ್ತರ ನೋಡಿದರೆ ನಾನು ಅವರ ಪೇಪರು ಕ್ಯಾನ್ಸಲ್ ಮಾಡುತ್ತೇನೆ. ಸುಳ್ಳು ಹೇಳಿ ಆ ಕುರ್ಚಿಯಲ್ಲಿ ಕೂತು, ಮುಂದಿನ ವರ್ಷ ಅದೇ ಕೆಲಸ ಹೇಗೆ ಮಾಡಲಿ?” ಎಂದು, ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದಳು. “ಕೆಲಸ ಹೋದ್ರೆ ಹೋಗ್ಲಿ ಆಂಟಿ. ಸೌಜನ್ಯ ಕಳ್ಳಿ ಅಲ್ಲ ಅಂತ ನೀವು ಒಬ್ರು ನಂಬಿದ್ರೆ ಸಾಕು.”

ನಂಬಿದೆ. ಬಾಯಿ ಬಿಟ್ಟು ಹೇಳಿಯೂ ಹೇಳಿದೆ. ನನ್ನ ಕೆಲಸದಲ್ಲಿ ಕಕ್ಷಿದಾರರನ್ನು ನಂಬುವ ಚಟ ಒಳ್ಳೆಯದಲ್ಲ, ಆದರೆ ಆ ಹೊತ್ತಿನಲ್ಲಿ ಅವಳ ಮುಖ ನೋಡಿ ಬೇರೆ ಏನೂ ಹೇಳಲಾಗುತ್ತಿರಲಿಲ್ಲ.

ಸೌಜನ್ಯ ಕತ್ತಿನ ಚೀಲ ಬಿಚ್ಚಿದಳು. “ನಾಳೆ ಇದನ್ನೂ ಅವರ ಕೈಗೇ ಕೊಟ್ಟುಬಿಡ್ತೀನಿ,” ಎಂದು ಒಳಗಿದ್ದ ಕೀ ತೆಗೆದು ಮಾರ್ಗರೆಟ್‌ಳ ಉಂಗುರದ ಪಕ್ಕ ಇಟ್ಟಳು.

ಆ ಚೀಲವನ್ನು ನಾನು ಹಲವು ಸಲ ನೋಡಿದ್ದೆ. ಒಳಗಿನ ಕೀಯನ್ನು ನೋಡಿದ್ದು ಅದೇ ಮೊದಲು. ನಾಲ್ಕು ಕೀಗಳ ಪಕ್ಕದಲ್ಲಿ ಐದನೆಯದು ಬಹಳ ಹೊಳೆಯುತ್ತಿತ್ತು.

ಮಾರ್ಗರೆಟ್ ಕನ್ನಡಕ ಏರಿಸಿ ಅದನ್ನು ಎತ್ತಿಕೊಂಡಳು. ಹಿಂದೆ ಮುಂದೆ ತಿರುಗಿಸಿದಳು.

“ಇದು ನಮ್ಮ ಕೀ ಅಲ್ಲ.”

“ಅಂದ್ರೆ?” ಎಂದಳು ಸೌಜನ್ಯ.

“ಬೀಗಗಳನ್ನೆಲ್ಲ ನಾನೇ ಒಂದೇ ಅಂಗಡಿಯಲ್ಲಿ ತಂದದ್ದು. ಬೀಗದ ಜೊತೆ ಬಂದ ಕೀ ಮೇಲೆ ಕಂಪನಿಯ ನಂಬರ್ ಒತ್ತಿರುತ್ತೆ. ನೋಡಿ, ಈ ನಾಲ್ಕರಲ್ಲೂ ಇದೆ. ನಿನ್ನ ಎರಡನೇ ಬೀಗದ್ದು, ನನ್ನ ಮನೆಯ ಕೀಗಳ ಜೊತೆ ಇದೆಯಲ್ಲ, ಅದರಲ್ಲೂ ಇದೆ. ಇದರಲ್ಲಿ ಇಲ್ಲ.”

ನಾನು ತೆಗೆದುಕೊಂಡು ನೋಡಿದೆ. ಹಲ್ಲುಗಳ ಅಂಚು ಇನ್ನೂ ಚೂಪಾಗಿತ್ತು. ಹಾರ್ಡ್‌ವೇರ್ ಅಂಗಡಿಗಳ ಬಾಗಿಲಲ್ಲಿ ಯಂತ್ರ ನಿಲ್ಲಿಸಿರುತ್ತಾರಲ್ಲ, ಕೀ ತೂರಿಸಿದರೆ ಇನ್ನೊಂದು ಕೊಯ್ದು ಕೊಡುತ್ತದೆ, ಅಲ್ಲಿ ಮಾಡಿಸಿದ ನಕಲು. ಯಾರೋ ಸೌಜನ್ಯಳ ಕೀ ತೆಗೆದುಕೊಂಡು ಹೋಗಿ ನಕಲು ಮಾಡಿಸಿದ್ದರು. ವಾಪಸು ಇಡುವಾಗ ಅವಸರದಲ್ಲಿ ನಕಲನ್ನು ಚೀಲಕ್ಕೆ ಹಾಕಿ ಅಸಲನ್ನು ತಾವು ಇಟ್ಟುಕೊಂಡಿದ್ದರು. ಸೋರಿಕೆ ಗೊತ್ತಾದ ದಿನವೇ ಬೋರ್ಡಿನ ವಕೀಲರು ಕಪಾಟಿಗೆ ಟೇಪು ಸುತ್ತಿಸಿದ್ದರಿಂದ ಈ ಕೀ ಹಾಕಿ ನೋಡುವ ಸಂದರ್ಭವೇ ಅವಳಿಗೆ ಬಂದಿರಲಿಲ್ಲ.

ಕೊನೆಗೂ ಬೋರ್ಡಿನ ಮುಂದೆ ಇಡಬಹುದಾದ ಒಂದು ವಸ್ತು ಸಿಕ್ಕಿತ್ತು, ಅದೂ ಸುಳ್ಳಿಲ್ಲದೆ.

“ಸೌಜನ್ಯ, ನೆನಪು ಮಾಡ್ಕೊ. ಈ ಚೀಲ ನಿನ್ನ ಕತ್ತಿನಿಂದ ಯಾವಾಗ ಇಳೀತು?”

“ಇಳಿದೇ ಇಲ್ಲ ಆಂಟಿ. ಸ್ನಾನಕ್ಕೆ ಹೋದ್ರೂ ಬಾಗಿಲ ಹಿಂದೆ ಕಣ್ಣೆದುರಿಗೇ ಇರುತ್ತೆ.”

“ಕಪಾಟು ಕೊನೆ ಸಲ ತೆಗೆದದ್ದು ಯಾವಾಗ?”

“ಪತ್ರಿಕೆ ಎಣಿಸಿದ ದಿನ. ಮಾರ್ಗರೆಟ್ ಬಂದಿದ್ರು, ಇಬ್ರೂ ಸೇರಿ ಎರಡೂ ಬೀಗ ತೆಗೆದ್ವಿ. ಮಧ್ಯಾಹ್ನದವರೆಗೂ ಎಣಿಸಿ, ಬೀಗ ಒತ್ತಿ ಹಾಕಿ ಹೊರಗೆ ಬಂದ್ವಿ. ಒತ್ತೋಕೆ ಕೀ ಬೇಡ.”

“ಎಣಿಸುವಾಗ ಚೀಲ ಕತ್ತಿನಲ್ಲೇ ಇತ್ತಾ?”

“ಒಳಗೆ ಏನೂ ತಗೊಂಡು ಹೋಗೋ ಹಾಗಿಲ್ಲ. ಬುಟ್ಟಿಗೆ ಹಾಕಿದ್ದೆ.” ಅವಳು ಸಹಜವಾಗಿಯೇ ಹೇಳಿದಳು. “ಫೋನು, ವಾಚು, ಕೀ, ಎಲ್ಲ. ಮಾರ್ಗರೆಟ್ ಕೂಡ ಹಾಕಿದ್ರು.”

“ಮತ್ತೆ ಇಳಿದೇ ಇಲ್ಲ ಅಂದೆ?”

“ಬುಟ್ಟಿಗೆ ಹಾಕೋದು 'ಕೊಡೋದು' ಅಲ್ಲ ಆಂಟಿ. ಅದು ನಿಯಮ.”

ಜಯತೀರ್ಥರ ಆಫೀಸಿನಲ್ಲಿ ನೇರಳೆ ರಿಬ್ಬನ್ನಿನ ಬುಟ್ಟಿಯನ್ನು ಹೊಗಳಿ ಪೇಢೆ ತಿಂದು ಬಂದಿದ್ದೆ. ಇಬ್ಬರು ಡೈರೆಕ್ಟರುಗಳು ಒಳಗೆ ಬಾಗಿಲು ಹಾಕಿಕೊಂಡು ಎಣಿಸುತ್ತಿದ್ದಾಗ, ಎರಡೂ ಬೀಗದ ಕೈ ಒಂದೇ ಬುಟ್ಟಿಯಲ್ಲಿ, ಒಬ್ಬರೇ ಮನುಷ್ಯರ ತೊಡೆಯ ಮೇಲೆ ಬೆಳಗಿನಿಂದ ಮಧ್ಯಾಹ್ನದವರೆಗೆ ಇದ್ದವು; ಎರಡಕ್ಕೂ ನಕಲು ಮಾಡಿಸಿ ತರಲು ಅಷ್ಟು ಹೊತ್ತು ಸಾಕು. ಇಷ್ಟು ವರ್ಷ ಆ ಬುಟ್ಟಿಯನ್ನು ಯಾರೂ ಅನುಮಾನಿಸಿರಲಿಲ್ಲ, ಏಕೆಂದರೆ ಅನುಮಾನ ಬರದಿರಲಿ ಎಂದೇ ಅದನ್ನು ಮಾಡಿದ್ದರು.

“ಆ ದಿನ ಬುಟ್ಟಿ ಹಿಡಿದು ಹೊರಗೆ ಕೂತವರು ಯಾರು?”

ಮಾರ್ಗರೆಟ್ ಬಾಯಿ ತೆರೆಯಲು ಹೋಗಿ, ಸೌಜನ್ಯಳ ಮುಖ ನೋಡಿ ಸುಮ್ಮನಾದಳು. ನಾನೂ ನೋಡಿದೆ. ಕೆಲಸ ಹೋಗುತ್ತದೆ ಎಂದಾಗಲೂ ಬಣ್ಣಗೆಡದ ಆ ಮುಖದಲ್ಲಿ ಈಗ ರಕ್ತವೇ ಇರಲಿಲ್ಲ. ಅವಳ ಕೈ ಮೆಲ್ಲಗೆ ಮೇಜಿನ ಮೇಲೆ ಸರಿದು ಆ ಹೊಳೆಯುವ ಕೀಯನ್ನು ಮುಚ್ಚಿಕೊಂಡಿತು.

“ಸೌಜನ್ಯ?”

“ನೆನಪಿಲ್ಲ.”

ಜಯತೀರ್ಥರು ನಾಲ್ಕು ಲೋಟ ಕಾಫಿಯ ಟ್ರೇ ಹಿಡಿದು ಬಂದರು. “ಏನು ನೆನಪಿಲ್ಲ?”

“ಹಾರ್ಟ್‌ವೆಲ್‌ನಲ್ಲಿ ಎಣಿಸಿದ ದಿನ ಬುಟ್ಟಿ ಯಾರ ಪಾಳಿ ಅಂತ,” ಎಂದೆ.

“ನಂದ ರೀ. ಆದ್ರ ಅವತ್ತ ನನಗ ಜ್ವರ. ಇವರ ತಂಗೀನ್ನ ಕಳಿಸಿದ್ದೆ.” ಅವರು ಒಂದೊಂದೇ ಲೋಟವನ್ನು ನಮ್ಮ ಮುಂದೆ ಇಡುತ್ತಾ ಹೋದರು. “ಇಂಚರಾನ್ನ. ಭಾಳ ಛೊಲೊ ಹುಡುಗಿ, ಬುಟ್ಟಿ ತಾನ ತಂದು ನನ್ನ ಕಪಾಟಿನ ಮ್ಯಾಲೆ ಇಟ್ಟಾಳ. ಯಾಕ್ರಿ?”

ಕಿಟಕಿಯ ಹೊರಗೆ ಪರಾಗ ಮೆತ್ತಿದ ಬೂದು ಬಣ್ಣದ ಕಾರೊಂದು ಬಂದು ನಿಂತಿತು. ಡ್ರೈವರ್ ಸೀಟಿನಲ್ಲಿ ಇಂಚರಾ. ನಮ್ಮನ್ನು ಕಂಡು ಕೈಬೀಸಿ, ಅಕ್ಕ ತಿಂಡಿ ತಿಂದಳಾ ಎಂದು ಕೈಸನ್ನೆಯಲ್ಲಿಯೇ ನನ್ನನ್ನು ಕೇಳಿದಳು.

ಸೌಜನ್ಯ ತಂಗಿಯನ್ನು ನೋಡಿದಳು. ಕೀಯನ್ನು ಚೀಲಕ್ಕೆ ಹಾಕಿ, ದಾರ ಬಿಗಿದು, ಮತ್ತೆ ಕತ್ತಿಗೆ ಹಾಕಿಕೊಂಡಳು. ಆಮೇಲೆ ಸೆರಗು ಸರಿಮಾಡಿಕೊಂಡು ಮಾರ್ಗರೆಟ್ ಕಡೆ ತಿರುಗಿದಳು.

“ಮಾರ್ಗರೆಟ್, ಆಗ ನೀವು ಹೇಳಿದ್ದನ್ನೇ ನಾಳೆ ಬೋರ್ಡಿನಲ್ಲಿ ಹೇಳಿ. ನನ್ನ ಕೀ ನಿಮಗೆ ಕೊಟ್ಟಿದ್ದೆ.”